ಅಳೆಯದೆ ಹೋದ ಒಂದು ಎಸೆತ

ಸವದತ್ತಿಯಲ್ಲಿ ಹೊಸ ದೈಹಿಕ ಶಿಕ್ಷಕರಿಗೆ ಎರಡು ದಿನದ ತರಬೇತಿ ಇಟ್ಟುಕೊಂಡಿದ್ದಾರೆ. ಜಾವೆಲಿನ್ ಬೀಳುವ ಕಡೆ ನಿಂತು ಗುರುತು ಹಿಡಿಯುವುದು ಹೇಗೆ ಎಂದು ನಾಲ್ಕು ಪುಟ ಬರೆದುಕೊಡಿ ಅಂತ ಸುವರ್ಣಾ ಫೋನ್ ಮಾಡಿದ್ದಳು. ಸುವರ್ಣಾ ರಾಮದುರ್ಗದ ಒಂದು ಹೈಸ್ಕೂಲಿನ ದೈಹಿಕ ಶಿಕ್ಷಕಿ. ಹದಿನೈದು ವರ್ಷ ನನ್ನ ಜೊತೆ ಮೈದಾನದಲ್ಲಿ ಟೇಪು ಹಿಡಿದವಳು.

"ನಿಯಮದ ಪುಸ್ತಕ ಐತಲ್ಲವಾ, ಅದನ್ನ ಝೆರಾಕ್ಸ್ ಮಾಡಿಸಿ ಹಂಚಿಬಿಡು," ಎಂದೆ.

"ಪುಸ್ತಕದಾಗ ಇದ್ದದ್ದು ಬ್ಯಾಡ್ರಿ ಸರ. ಇಲ್ಲದ್ದು ಬರೀರಿ."

"ಇಲ್ಲದ್ದು ಅಂದ್ರ ಯಾವುದು?"

"ನಿಮಗ ಗೊತ್ತೈತಿ ಬಿಡ್ರಿ," ಎಂದು ಫೋನ್ ಇಟ್ಟಳು.

ಗೊತ್ತಿದೆ. ಒಬ್ಬ ಮನುಷ್ಯ ತನ್ನ ಜೀವಮಾನದ ಒಳ್ಳೆಯ ಎಸೆತಗಳಲ್ಲಿ ಒಂದನ್ನು ಎಸೆದ. ಅದು ಎಷ್ಟು ದೂರ ಬಿತ್ತು ಎಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಗೊತ್ತಾಗದ ಹಾಗೆ ಮಾಡಿದವನು ನಾನು. ಅದನ್ನು ಬರೆಯಬೇಕೆಂದರೆ ಮೊದಲು ನಾನು ಎಂಥ ಕೆಲಸಗಾರ ಎಂಬುದನ್ನೂ ಬರೆಯಬೇಕಾಗುತ್ತದೆ. ಹೊಸಬರು ಸ್ವಲ್ಪ ತಾಳ್ಮೆಯಿಂದ ಓದಬೇಕು. ತಾಳ್ಮೆ ಇಲ್ಲದವರು ಈ ಕೆಲಸಕ್ಕೆ ಬರುವುದೇ ಬೇಡ.

ನಾನು ಬೈಲಹೊಂಗಲದವ. ಉಗರಗೋಳದಲ್ಲಿ ಕೆಲಸ ಶುರು ಮಾಡಿ, ಮುರಗೋಡದಲ್ಲಿ ಬಹಳ ವರ್ಷ ಕಳೆದು, ಬೈಲಹೊಂಗಲದಲ್ಲಿ ನಿವೃತ್ತನಾದೆ. ಸನ್ಮಾನದ ಶಾಲುಗಳು ಟ್ರಂಕಿನಲ್ಲಿವೆ, ನುಸಿಗುಳಿಗೆ ಹಾಕಿ ಹೆಂಡತಿ ಜೋಪಾನ ಮಾಡಿದ್ದಾಳೆ. ಅವುಗಳ ಸುದ್ದಿ ಇಲ್ಲಿ ಬೇಡ.

ಉಗರಗೋಳದ ಶಾಲೆಗೆ ಇದ್ದದ್ದು ಒಂದೇ ಒಂದು ಬಿದಿರಿನ ಜಾವೆಲಿನ್. ಅದೂ ಸ್ವಲ್ಪ ಸೊಟ್ಟ. ಎಡಕ್ಕೆ ಗುರಿಯಿಟ್ಟರೆ ನೆಟ್ಟಗೆ ಹೋಗುತ್ತಿತ್ತು. ನಮಗೆ ಬೇಲಿ ಇದ್ದ ಮೈದಾನವೇ ಇರಲಿಲ್ಲ. ದೇವಿಯ ಗುಡ್ಡಕ್ಕೆ ಹೋಗುವ ಜನ ಅಡ್ಡದಾರಿ ಹಿಡಿದು ನಮ್ಮ ಮೈದಾನದ ನಡುವೆಯೇ ಹಾಯುತ್ತಿದ್ದರು. ಒಂದು ದಿನ ಸ್ಪರ್ಧೆ ನಡೆದಿರುವಾಗ ಒಬ್ಬ ಅಜ್ಜಿ ಜಾವೆಲಿನ್ ಬೀಳುವ ಜಾಗದಲ್ಲೇ ಬುಟ್ಟಿ ಇಳಿಸಿ, ರೊಟ್ಟಿ ಬಿಚ್ಚಿಕೊಂಡು ಕೂತುಬಿಟ್ಟಳು. ನಾನು ಓಡಿದೆ.

"ಅಜ್ಜಿ, ಲಗೂನ ಏಳ್ರಿ! ಬರ್ಚಿ ಬರತೈತಿ!"

"ಬರಲಿ ಬಿಡೋ ಯಪ್ಪಾ. ಮ್ಯಾಲೆ ಅವ್ವ ಕುಂತಾಳ, ನೋಡಿಕೋತಾಳ. ನೀನೂ ಕೂಡ್ರು, ಒಂದ್ ರೊಟ್ಟಿ ತಿನ್ನು."

ಅವಳು ತಿಂದು, ನೀರು ಕುಡಿದು, ಎಲೆಯಡಿಕೆ ಹಾಕಿಕೊಂಡು ಏಳುವವರೆಗೆ ಸ್ಪರ್ಧೆ ನಿಂತಿತ್ತು. ನಾನೂ ಅರ್ಧ ರೊಟ್ಟಿ ತಿಂದೆ. ಅವತ್ತಿನಿಂದ, ಎಸೆಯುವವನ ಕಡೆ ನೋಡುವ ಮೊದಲು ಬೀಳುವ ಕಡೆ ಯಾರಾದರೂ ಇದ್ದಾರೆಯೇ ಎಂದು ನೋಡುವುದು ನನಗೆ ರೂಢಿಯಾಯಿತು. ಮುಂದೆ ದೊಡ್ಡ ದೊಡ್ಡ ಕ್ರೀಡಾಂಗಣಗಳಲ್ಲಿ ನಿಂತಾಗಲೂ ಒಮ್ಮೆ ಹಿಂದೆ ತಿರುಗಿ ನೋಡಿಯೇ ಬಿಳಿ ನಿಶಾನೆ ಹಿಡಿಯುತ್ತಿದ್ದೆ.

ಇನ್ನು ನನ್ನ ಮೊದಲ ದೊಡ್ಡ ತಪ್ಪಿನ ಸಂಗತಿ. ಮುರಗೋಡದಲ್ಲಿದ್ದಾಗ ಕಿತ್ತೂರಿನಲ್ಲಿ ನಡೆದ ಒಂದು ಕ್ರೀಡಾಕೂಟಕ್ಕೆ ನನ್ನನ್ನು ನಿರ್ಣಾಯಕನಾಗಿ ಕರೆದಿದ್ದರು. ಮುರಗೋಡದ ಈರಣ್ಣ ಎಂಬ ಕಾಲೇಜು ಹುಡುಗ ಅವತ್ತು ಎಲ್ಲರಿಗಿಂತ ದೂರ ಎಸೆದ. ಮೈದಾನದ ನೆಲ ಗರಸು, ಕಲ್ಲಿನ ಹಾಗೆ ಗಟ್ಟಿ. ಜಾವೆಲಿನ್ನಿನ ಮೊನೆ ನೆಲಕ್ಕೆ ತಾಗಿತು, ಟಣ್ ಎಂದು ಮೇಲೆದ್ದಿತು, ಅಡ್ಡಬಿತ್ತು. ಎಸೆತ ತಪ್ಪು ಎಂದು ನಾನು ಕೆಂಪು ನಿಶಾನೆ ಎತ್ತಿದೆ. ಈರಣ್ಣ ಒಮ್ಮೆ ನನ್ನನ್ನು ನೋಡಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಸಂಜೆ ಧಾರವಾಡದಿಂದ ಬಂದಿದ್ದ ಹಿರಿಯ ನಿರ್ಣಾಯಕರಾದ ದೇಸಾಯಿ ಸರ್ ನನ್ನನ್ನು ಪಕ್ಕಕ್ಕೆ ಕರೆದರು.

"ಆ ಮುರಗೋಡದ ಹುಡುಗಗ ಕೆಂಪು ಯಾಕ ತೋರಿಸಿದ್ರಿ?"

"ನಟ್ಟಿಲ್ರಿ ಸರ. ಅಡ್ಡ ಬಿತ್ತಲ್ರಿ."

"ನಟ್ಟಗ ನಿಲ್ಲಬೇಕಂತ ನಿಮಗ ಯಾರ್ ಹೇಳ್ಯಾರ?"

ಯಾರೂ ಹೇಳಿರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಎರೆ ಭೂಮಿಯಲ್ಲಿ. ಮಳೆಗಾಲದ ಕೂಟಗಳಲ್ಲಿ ಜಾವೆಲಿನ್ ಬಿತ್ತೆಂದರೆ ಮೊಳದಷ್ಟು ಒಳಗೆ ಹೋಗಿ ಗೂಟದಂತೆ ನಿಲ್ಲುತ್ತಿತ್ತು. ಕೀಳಲು ಇಬ್ಬರು ಬೇಕಾಗುತ್ತಿತ್ತು. ನಿಂತರೆ ಸರಿ, ಬಿದ್ದರೆ ತಪ್ಪು ಎಂದು ನಾವೆಲ್ಲ ನಂಬಿದ್ದೆವು. ನಮಗೆ ಕಲಿಸಿದವರೂ ಅದನ್ನೇ ನಂಬಿದ್ದರು. ಮೊನೆ ಮೊದಲು ನೆಲಕ್ಕೆ ತಾಗಿದರೆ ಸಾಕು, ಆಮೇಲೆ ಅದು ನಿಲ್ಲಲಿ, ಮಲಗಲಿ, ಎಸೆತ ಸರಿ ಎಂಬುದು ನಿಯಮ. ನಮ್ಮ ಕಡೆಯ ಮಣ್ಣೇ ನಮಗೆ ತಪ್ಪು ನಿಯಮ ಕಲಿಸಿತ್ತು.

ಅಷ್ಟರಲ್ಲಿ ಜಿಲ್ಲೆಗೆ ಹೋಗುವವರ ಪಟ್ಟಿ ಹೊರಟುಹೋಗಿತ್ತು. "ಪಟ್ಟಿ ತಿದ್ದಾಕ ಬರೂದಿಲ್ಲ," ಎಂದರು ದೇಸಾಯಿ ಸರ್. "ಆದ್ರ ಆ ಹುಡುಗನ ಮನಿಗೆ ಹೋಗಿ, ತಪ್ಪು ನಂದು ಅಂತ ಹೇಳಿ ಬರ್ರಿ. ಇಲ್ಲಂದ್ರ ಅಂವ ಸಾಯೂತನಾ ತನ್ನ ಎಸೆತಾನ ತಪ್ಪಿತ್ತು ಅಂತ ತಿಳಕೊಂಡಿರತಾನ."

ಮರುದಿನ ಹೋದೆ. ಈರಣ್ಣನ ತಂದೆ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಮಾಸ್ತರ, ತಪ್ಪಾತು ಅನ್ನಾಕ ಇಲ್ಲೀತನಾ ಬಂದೀರಿ. ಉಂಡ ಹೋಗ್ರಿ," ಎಂದರು. ಈರಣ್ಣ ನನ್ನ ಪಕ್ಕದಲ್ಲೇ ಕೂತು ಉಂಡ. ತಲೆ ಎತ್ತಿ ನನ್ನ ಕಡೆ ನೋಡಲಿಲ್ಲ. ಅವನ ಸಿಟ್ಟು ನ್ಯಾಯವಾದದ್ದೇ. ಮುಂದಿನ ವರ್ಷ ಅವನು ಕೂಟಕ್ಕೆ ಬರಲಿಲ್ಲ.

ಆಮೇಲೆ ನಾನು ನಿಯಮದ ಪುಸ್ತಕ ಹಿಡಿದುಕೊಂಡು ಕೂತೆ. ತಾಂತ್ರಿಕ ಅಧಿಕಾರಿಗಳ ಪರೀಕ್ಷೆಗೆ ಕೂತು ಮೊದಲ ಸಲ ನಪಾಸಾದೆ. ಹೈಸ್ಕೂಲಿನಲ್ಲಿ ಓದುತ್ತಿದ್ದ ಮಗಳು ಅದೇ ವಾರ ಪಾಸಾಗಿದ್ದಳು. "ಅಪ್ಪಾ, ನಿಂದ್ ಎಷ್ಟು ಬಂತು?" ಎಂದು ಊಟಕ್ಕೆ ಕೂತಾಗಲೇ ಕೇಳಿದಳು. ಎರಡನೆಯ ಸಲ ಪಾಸಾದೆ. ಅಲ್ಲಿಂದ ರಾಜ್ಯ ಮಟ್ಟದ, ರಾಷ್ಟ್ರ ಮಟ್ಟದ ಕೂಟಗಳಿಗೆ ಕರೆ ಬರತೊಡಗಿತು. ಬೇರೆಯವರು ಓಟದ ಗೆರೆಯ ಹತ್ತಿರ, ಗಡಿಯಾರದ ಹತ್ತಿರ, ನೆರಳಿನಲ್ಲಿ ಕೆಲಸ ಕೇಳುತ್ತಿದ್ದರು. ನಾನು ಮಾತ್ರ ಜಾವೆಲಿನ್ ಬೀಳುವ ಕಡೆಯನ್ನೇ ಕೇಳಿ ಪಡೆಯುತ್ತಿದ್ದೆ. ನನಗೆ ಅಲ್ಲಿ ಬಿಸಿಲೂ ಸುಖ ಎನಿಸುತ್ತಿತ್ತು.

ಆಗ ಅಳತೆಯೆಲ್ಲ ಟೇಪಿನಲ್ಲಿ. ಮೊನೆ ತಾಗಿದ ಜಾಗದಲ್ಲಿ ನಾನು ಟೇಪಿನ ಸೊನ್ನೆ ಹಿಡಿದು ಕೂರಬೇಕು. ಆ ಕಡೆ, ಎಸೆತದ ಗೆರೆಯ ಹತ್ತಿರ, ಸುವರ್ಣಾ ಟೇಪು ಎಳೆದು ಹಿಡಿದು ಅಂಕಿ ಓದಬೇಕು. ಅಷ್ಟು ದೂರಕ್ಕೆ ಕೂಗಿದರೆ ಗಾಳಿಗೆ ಕೇಳಿಸದು. ಹೀಗಾಗಿ ನಾವಿಬ್ಬರೇ ಒಂದು ಸಂಜ್ಞೆ ಮಾಡಿಕೊಂಡಿದ್ದೆವು. ಅಂಕಿ ಬರೆದುಕೊಂಡಾದ ಮೇಲೆ ಅವಳು ಬಲಗೈ ಎತ್ತುತ್ತಿದ್ದಳು. ಕೈ ಎತ್ತಿದಳೆಂದರೆ ನಾನು ಟೇಪು ಬಿಟ್ಟು, ಎದ್ದು, ಮೊನೆ ಮಾಡಿದ ತೂತನ್ನು ಕಾಲಿನ ಹಿಂಬಡದಿಂದ ಒತ್ತಿ ಮುಚ್ಚುತ್ತಿದ್ದೆ.

ಮುಚ್ಚುವುದು ಏಕೆಂದರೆ, ಮುಚ್ಚದಿದ್ದರೆ ಮುಂದಿನ ಎಸೆತದ ಗುರುತು ಯಾವುದು, ಹಿಂದಿನದು ಯಾವುದು ಎಂದು ಗೊಂದಲವಾಗುತ್ತದೆ. ನಮ್ಮವ್ವ ಹತ್ತಿ ಬೀಜ ಊರುವಾಗ ಸಾಲಿನುದ್ದಕ್ಕೂ ಹೀಗೇ ಹಿಂಬಡದಿಂದ ಒತ್ತುತ್ತ ಹೋಗುತ್ತಿದ್ದಳು. ನಾನು ಅವಳ ಹಿಂದೆ ನಡೆದು ಕಲಿತದ್ದು. ಮೊದಲು ಹಿಂಬಡ ಊರಿ, ಅರ್ಧ ತಿರುವಿ, ಮೇಲೆ ಮುಂಗಾಲಿನಿಂದ ಸವರಿಬಿಟ್ಟರೆ ಅಲ್ಲೊಂದು ತೂತು ಇತ್ತು ಎಂದು ಮಣ್ಣಿಗೇ ನೆನಪಿರುವುದಿಲ್ಲ. ಎಲ್ಲಿ ಹೋದರೂ ಮೇಲಿನವರು ನನ್ನ ಮೈದಾನ ನೋಡಿ ಹೊಗಳುತ್ತಿದ್ದರು. ನನಗೂ ಆ ಬಗ್ಗೆ ಸಣ್ಣ ಜಂಬವಿತ್ತು.

ಕೆಲವು ವರ್ಷಗಳ ನಂತರ ಯಂತ್ರ ಬಂತು. ಮೂರು ಕಾಲಿನ ಮೇಲೆ ನಿಂತ ದುರ್ಬೀನಿನಂಥ ಯಂತ್ರ ಎಸೆತದ ಗೆರೆಯ ಕಡೆ ಇರುತ್ತದೆ. ಬೀಳುವ ಕಡೆ ನಿಂತವನು ಒಂದು ಕೋಲಿನ ತುದಿಗೆ ಕೂಡಿಸಿದ ಗಾಜಿನ ಪ್ರಿಸಮ್ಮನ್ನು ಗುರುತಿನ ಮೇಲೆ ನೆಟ್ಟಗೆ ಹಿಡಿಯಬೇಕು. ಯಂತ್ರ ಆ ಗಾಜನ್ನು ನೋಡಿ ದೂರವನ್ನು ಹೇಳುತ್ತದೆ. ಅಂಕಿ ಬೋರ್ಡಿನ ಮೇಲೆ ಮೂಡುತ್ತದೆ. ಟೇಪಿನ ಕಾಲದ ನಮ್ಮಂಥವರು ಇದನ್ನು ನೋಡಿ ಮೂಗು ಮುರಿದೆವು. ಸುವರ್ಣಾ ಮಾತ್ರ ಒಂದೇ ವಾರದಲ್ಲಿ ಕಲಿತಳು. "ಬಾಳ ಸರಳ ಐತ್ರಿ ಸರ, ಮೊಬೈಲ್ ಇದ್ದಂಗ," ಎಂದಳು. ನಾನು ಮೊಬೈಲನ್ನೂ ಕಲಿತಿರಲಿಲ್ಲ. ಆದರೂ ಯಂತ್ರ ಬಂದ ಮೇಲೂ ನಮ್ಮ ಕಡೆಯ ಕೂಟಗಳಲ್ಲಿ ಅವಳು ಕೈ ಎತ್ತುವುದು, ನಾನು ಮುಚ್ಚುವುದು ನಿಲ್ಲಲಿಲ್ಲ. ಬೋರ್ಡು ನೋಡಬೇಕೆಂಬ ನಿಯಮ ಪುಸ್ತಕದಲ್ಲೇ ಉಳಿಯಿತು.

ನನ್ನ ನೌಕರಿಯ ಕೊನೆಯ ವರ್ಷ ನಮ್ಮ ದೇಶದಲ್ಲೇ ಒಂದು ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಕೂಟ ನಡೆಯಿತು. ಊರು, ವರ್ಷ ಬರೆಯುವುದಿಲ್ಲ. ಪುರುಷರ ಜಾವೆಲಿನ್ ವಿಭಾಗಕ್ಕೆ ದೇಸಾಯಿ ಸರ್ ಮುಖ್ಯಸ್ಥರು. ಯಂತ್ರದ ಹಿಂದೆ ಸುವರ್ಣಾ. ಬೀಳುವ ಕಡೆ ಪ್ರಿಸಮ್ ಹಿಡಿಯಲು ನಾನು. ನಮ್ಮ ಮೂವರಿಗೂ ಅದು ಮೊದಲ ಅಂತರರಾಷ್ಟ್ರೀಯ ಕೂಟ. ಹೆಂಡತಿ ನನ್ನ ಕೋಟಿನ ಗುಂಡಿಗಳನ್ನು ಎರಡೆರಡು ಸಲ ಹೊಲಿದು ಕಳಿಸಿದ್ದಳು. ಹಿಂದಿನ ದಿನದ ಸಭೆಯಲ್ಲಿ ದೇಸಾಯಿ ಸರ್ ಮೂರು ಸಲ ಹೇಳಿದರು: ಬೋರ್ಡಿನ ಮೇಲೆ ಅಂಕಿ ಮೂಡುವವರೆಗೆ ಗುರುತಿನ ಮೇಲಿಂದ ಪ್ರಿಸಮ್ ಏಳಬಾರದು. ನಾನು ತಲೆಯಾಡಿಸಿದೆ. ಪಕ್ಕದವನಿಗೂ ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದೆ.

ಅಂತಿಮ ಸುತ್ತಿನಲ್ಲಿ ಹನ್ನೆರಡು ಜನ. ಎಲ್ಲರಿಗೂ ಮೂರು ಎಸೆತ. ಆಮೇಲೆ ಮೊದಲ ಎಂಟು ಜನಕ್ಕೆ ಮಾತ್ರ ಇನ್ನೂ ಮೂರು. ಉಳಿದ ನಾಲ್ವರು ಚೀಲ ಹೊತ್ತು ಮನೆಗೆ. ಹನ್ನೆರಡರಲ್ಲಿ ಒಬ್ಬ ಬಹಳ ಸಣ್ಣ ದ್ವೀಪದೇಶದವನು. ಮೂವತ್ತು ದಾಟಿತ್ತು, ನೆತ್ತಿಯ ಮೇಲೆ ಕೂದಲು ತೆಳುವಾಗಿತ್ತು. ಅವನು ತನ್ನ ದೇಶದಲ್ಲಿ ಶಾಲೆಯ ದೈಹಿಕ ಶಿಕ್ಷಕನೆಂದೂ, ಇದೇ ಅವನ ಕೊನೆಯ ಕೂಟವೆಂದೂ ಆಟಗಾರರನ್ನು ಕರೆತಂದ ಸ್ವಯಂಸೇವಕಿ ಹೇಳಿದ್ದಳು. ಬೇರೆಯವರಿಗೆಲ್ಲ ಅಂಚಿನಲ್ಲಿ ನಿಂತು ಕೂಗುವ ತರಬೇತುದಾರರಿದ್ದರು, ವೈದ್ಯರಿದ್ದರು. ಇವನು ಒಬ್ಬನೇ ಬಂದಿದ್ದ. ಎಸೆದಾದ ಮೇಲೆ ತನ್ನ ಹೆಗಲನ್ನು ತಾನೇ ತಿಕ್ಕಿಕೊಳ್ಳುತ್ತ ಕೂರುತ್ತಿದ್ದ. ನನ್ನ ವೃತ್ತಿಯವನೇ ಎಂದು ಗೊತ್ತಾದ ಮೇಲೆ ನನ್ನ ಮನಸ್ಸು ಅವನ ಕಡೆ ವಾಲಿದ್ದು ನಿಜ.

ಮೊದಲ ಎಸೆತದಲ್ಲಿ ಗೆರೆ ತುಳಿದ. ಎರಡನೆಯದು ಕಡಿಮೆ ಬಿತ್ತು. ಮೂರನೆಯ ಸುತ್ತಿಗೆ ಅವನ ಸರದಿ ಕೊನೆಗಿತ್ತು. ಆಗ ಎಂಟನೆಯ ಜಾಗದಲ್ಲಿದ್ದವನು ನಮ್ಮ ದೇಶದ ಹುಡುಗ. ದ್ವೀಪದವನು ಅವನನ್ನು ದಾಟಿದರೆ ಒಳಗೆ, ನಮ್ಮವನು ಹೊರಗೆ. ದಾಟದಿದ್ದರೆ ಅವನ ಕೂಟವೂ ಆಟವೂ ಅಲ್ಲಿಗೆ ಮುಗಿದಂತೆ. ಇದು ಸ್ಟೇಡಿಯಮ್ಮಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವನು ಓಟ ಶುರು ಮಾಡಿದಾಗ ಗದ್ದಲವೆಲ್ಲ ಒಮ್ಮೆಗೇ ಇಳಿಯಿತು.

ಎಸೆತ ಬಹಳ ಚೆಂದ ಬಂತು. ತಗ್ಗಾಗಿ, ನಡುಗದೆ ಬಂತು. ನಾನು ಅದರ ಜೊತೆಗೇ ಓಡಿದೆ. ಮೊನೆ ಮೊದಲು ತಾಗಿದ್ದನ್ನು ಕಣ್ಣಾರೆ ಕಂಡೆ, ಹುಲ್ಲು ಸೀಳಿ ಸಣ್ಣ ಗಾಯವಾಯಿತು, ಜಾವೆಲಿನ್ ಮುಂದೆ ಜಾರಿ ಮಲಗಿತು. ಪಕ್ಕದ ನಿರ್ಣಾಯಕನ ಬಿಳಿ ನಿಶಾನೆ ಮೇಲೆದ್ದಿತು. ನಾನು ಆ ಗಾಯದ ಮೇಲೆ ಪ್ರಿಸಮ್ ಊರಿದೆ. ನಮ್ಮ ಹುಡುಗನ ಜಾವೆಲಿನ್ ಬಿದ್ದದ್ದು ಬಲಕ್ಕೆ ಸುಮಾರು ದೂರದಲ್ಲಿ. ಯಾವುದು ಮುಂದೆ, ಯಾವುದು ಹಿಂದೆ ಎಂದು ಬರಿಗಣ್ಣಿಗೆ ಹೇಳಲಾಗದಷ್ಟು ಸಮಸಮ.

ಹೊತ್ತು ಇಳಿದಿತ್ತು. ಸೂರ್ಯ ನನ್ನ ಬೆನ್ನ ಹಿಂದೆ, ಸುವರ್ಣಾಳ ಕಣ್ಣಿಗೆ ನೇರ. ಯಂತ್ರದಲ್ಲಿ ಕಣ್ಣಿಡುವ ಮೊದಲು ಅವಳು ಬಿಸಿಲಿಗೆ ಅಡ್ಡವಾಗಿ ಬಲಗೈ ಎತ್ತಿದಳು.

ನಾನು ಪ್ರಿಸಮ್ ಕಿತ್ತೆ. ಹಿಂಬಡ ಊರಿದೆ, ಅರ್ಧ ತಿರುವಿದೆ, ಸವರಿದೆ.

ವಾಕಿಟಾಕಿಯಲ್ಲಿ ಅವಳ ದನಿ ಬಂತು. "ಸರ, ಇನ್ನಾ ಓದಿಲ್ರಿ. ಪ್ರಿಸಮ್ ಯಾಕ ತಗದ್ರಿ?"

ಕಾಲ ಕೆಳಗೆ ನೋಡಿದೆ. ಸಪಾಟಾದ ಹುಲ್ಲು. ಬೋರ್ಡು ನೋಡಿದೆ, ಖಾಲಿ ಇತ್ತು. ಅಷ್ಟು ದೂರದಲ್ಲಿ ದ್ವೀಪದವನು ಸೊಂಟದ ಮೇಲೆ ಕೈಯಿಟ್ಟು ಅದೇ ಬೋರ್ಡನ್ನು ನೋಡುತ್ತ ನಿಂತಿದ್ದ.

ದೇಸಾಯಿ ಸರ್ ಓಡಿ ಬಂದರು. ಆ ವಯಸ್ಸಿನಲ್ಲಿ ಅವರು ಓಡಬಾರದಿತ್ತು. ಏದುಸಿರು ಬಿಡುತ್ತಲೇ ಕೇಳಿದರು, "ಏನಾತ್ರಿ?"

"ಮುಚ್ಚಿಬಿಟ್ಟೆ ಸರ."

ಅವರಿಗೆ ಅರ್ಥವಾಯಿತು. ಸುತ್ತ ನೋಡಿ ದನಿ ತಗ್ಗಿಸಿದರು. "ಜಾಗಾ ನಿಮಗ ಗೊತ್ತೈತಲ್ಲ? ಅಂದಾಜಿಗೆ ಇಡ್ರಿ. ನಾಲ್ಕ ಬೊಟ್ಟು ಹಿಂದ ಮುಂದ ಆದ್ರ ಏನೂ ಆಗೂದಿಲ್ಲ. ಟೀವಿಯವರು ಕಾಯಾಕ ಹತ್ಯಾರ."

"ನಾಲ್ಕ ಬೊಟ್ಟಿನಾಗ ಎಲ್ಲಾ ಐತ್ರಿ ಸರ. ಒಂದ್ ಗೇಣು ಹಿಂದಿಟ್ರ ನಮ್ಮ ಹುಡುಗ ಉಳೀತಾನ. ಮುಂದಿಟ್ರ ಅಂವ ಉಳೀತಾನ. ನಾ ಹೆಂಗ ಇಡಲಿ?"

"ಅವನ ಕಡೆಯವರು ಕೇಳಾಕ ಯಾರೂ ಇಲ್ಲ," ಎಂದರು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಅವರು ಮೋಸ ಮಾಡೆಂದು ಹೇಳಲಿಲ್ಲ. ಹೆದರಿದ್ದರು. ನನ್ನನ್ನೂ ಸುವರ್ಣಾಳನ್ನೂ ಅಲ್ಲಿಗೆ ಕರೆತಂದವರು ಅವರೇ. ನಮ್ಮ ಮರ್ಯಾದೆ ಉಳಿಸುವ ದಾರಿ ಅವರಿಗೆ ಅದೊಂದೇ ಕಂಡಿತ್ತು. ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ನಾನೂ ಪ್ರಿಸಮ್ ಕೈಯಲ್ಲಿ ಹಿಡಿದು ಬಗ್ಗಿದ್ದೆ. ಒಂದು ಗೇಣು ಮುಂದೆ ಇಟ್ಟು ಆ ಮಾಸ್ತರನಿಗೆ ಮೂರು ಎಸೆತ ಕೊಡಿಸಿಬಿಡೋಣ ಎನಿಸಿತ್ತು. ಆಗ ನಮ್ಮ ಹುಡುಗನ ಮುಖ ಕಣ್ಣಿಗೆ ಬಂತು. ಅವನೂ ಆ ಜಾಗವನ್ನು ಎಸೆದೇ ಗಳಿಸಿದ್ದ.

"ಅವನ ಕಡೆಯವರು ಯಾರೂ ಇಲ್ಲಂತನ ಇಡಾಕ ಬರೂದಿಲ್ರಿ ಸರ," ಎಂದೆ.

"ಬೈಲಹೊಂಗಲದವರದು ಎಲ್ಲಾದ್ರಾಗೂ ಹಟಾ!" ಎಂದು ಕೈಚೆಲ್ಲಿದರು. ಆದರೆ ರೆಫ್ರಿಯನ್ನು ಕರೆಯಲು ಅವರೇ ಕೈ ಎತ್ತಿದರು.

ರೆಫ್ರಿ ಬೇರೆ ದೇಶದ ಹೆಣ್ಣುಮಗಳು, ನೆಟ್ಟಗೆ ನಿಂತು ಮಾತಾಡುವವರು. ಅಷ್ಟರಲ್ಲಿ ಸುವರ್ಣಾ ಯಂತ್ರ ಬಿಟ್ಟು ಓಡಿ ಬಂದು, ತಾನು ಕೈ ಎತ್ತಿದ್ದರಿಂದಲೇ ಹೀಗಾಯಿತು, ತಪ್ಪು ತನ್ನದು ಎಂದು ಹೇಳತೊಡಗಿದಳು. ಅವಳ ಕಣ್ಣಲ್ಲಿ ನೀರಿತ್ತು. "ಸುಮ್ನಿರು ಸುವರ್ಣಾ," ಎಂದು ಗದರಿಸಿದೆ. "ನೀ ಬಿಸಲಿಗೆ ಕೈ ಹಿಡದಿ. ಅದನ್ನ ಸಂಜ್ಞೆ ಅಂತ ತಿಳಕೊಂಡಾಂವ ನಾ. ಬೋರ್ಡು ನೋಡಬೇಕಿತ್ತು, ನೋಡಲಿಲ್ಲ." ಆಮೇಲೆ ನನ್ನ ಹರಕು ಇಂಗ್ಲಿಷಿನಲ್ಲಿ ರೆಫ್ರಿಗೆ ಹೇಳಿದೆ: ಎಸೆತ ಸರಿಯಾಗಿತ್ತು, ಅಳೆಯುವ ಮೊದಲೇ ಗುರುತು ಅಳಿಸಿದವನು ನಾನು, ಈಗ ಆ ಜಾಗ ಇಂಥಲ್ಲೇ ಎಂದು ಆಣೆಯಿಟ್ಟು ಹೇಳಲಾರೆ.

ಅವರು ಕ್ಯಾಮೆರಾದ ಚಿತ್ರ ತರಿಸಿ ನೋಡಿದರು. ಅದು ಆಚೆ ಬದಿಯಿಂದ ತೆಗೆದದ್ದು. ಜಾವೆಲಿನ್ ತಾಗಿದ್ದು ಕಾಣುತ್ತಿತ್ತು, ಎಲ್ಲಿ ಎಂಬುದು ಬೊಟ್ಟಿನ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ನಿಯಮದಂತೆ ಅವನಿಗೆ ಆ ಎಸೆತಕ್ಕೆ ಬದಲಾಗಿ ಇನ್ನೊಂದು ಎಸೆತ ಕೊಟ್ಟರು. ರೆಫ್ರಿಯೇ ಹೋಗಿ ಅವನಿಗೆ ತಿಳಿಸಿದರು. ಅವನು ಕೇಳಿಸಿಕೊಂಡು, ದೂರದಲ್ಲಿದ್ದ ನನ್ನ ಕಡೆ ನೋಡಿ, ತಲೆಯಾಡಿಸಿ ಕೂತ. ಹೆಗಲು ತಿಕ್ಕಿಕೊಂಡ.

ಹೊಸಬರಿಗೆ ಒಂದು ಮಾತು ಹೇಳಬೇಕು. ಬದಲಿ ಎಸೆತ ಕೊಟ್ಟರೆ ನ್ಯಾಯ ಸರಿಹೋಯಿತು ಎಂದು ಪುಸ್ತಕ ಓದಿದವರಿಗೆ ಅನಿಸುತ್ತದೆ. ಮೈದಾನದಲ್ಲಿ ನಿಂತವರಿಗೆ ಹಾಗೆ ಅನಿಸುವುದಿಲ್ಲ. ಅಂಥ ಎಸೆತ ಬೇಕೆಂದಾಗ ಬರುವುದಿಲ್ಲ. ಮೈ, ಗಾಳಿ, ಹೆಜ್ಜೆ ಎಲ್ಲ ಕೂಡಿ ಬಂದಾಗ ಒಮ್ಮೆ ಬರುತ್ತದೆ. ಅವನಿಗೆ ಅದು ಬಂದು ಆಗಿತ್ತು.

ಅವನು ಮತ್ತೆ ಎಸೆದ. ಈ ಸಲ ನಾನು ಪ್ರಿಸಮ್ ಊರಿ, ಎರಡೂ ಕೈಯಿಂದ ಹಿಡಿದು, ಬೋರ್ಡನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಅಂಕಿ ಮೂಡಿತು. ನಮ್ಮ ಹುಡುಗನಿಗಿಂತ ಹನ್ನೊಂದು ಸೆಂಟಿಮೀಟರ್ ಕಡಿಮೆ. ಸ್ಟೇಡಿಯಮ್ಮಿನಲ್ಲಿ ಭೋರೆಂದು ಚಪ್ಪಾಳೆ ಬಿತ್ತು. ಅದು ನಮ್ಮ ಹುಡುಗ ಉಳಿದದ್ದಕ್ಕೆ. ಹಗ್ಗದ ಆಚೆ ನಿಂತಿದ್ದ ಒಬ್ಬ ಮನುಷ್ಯ ನನಗೆ ಕಣ್ಣು ಹೊಡೆದು ಹೆಬ್ಬೆಟ್ಟು ತೋರಿಸಿದ. ನಾನು ಬೇಕೆಂತಲೇ ಮಾಡಿದೆ ಎಂದು ಅವನು ತಿಳಿದಿದ್ದ. ನನ್ನ ಇಡೀ ನೌಕರಿಯಲ್ಲಿ ಯಾವ ಬೈಗುಳವೂ ಆ ಹೆಬ್ಬೆಟ್ಟಿನಷ್ಟು ಚುಚ್ಚಿಲ್ಲ.

ಮರುದಿನ ನನ್ನನ್ನು ಮೈದಾನದಿಂದ ತೆಗೆದು ಉಪಕರಣಗಳ ಕೋಣೆಗೆ ಹಾಕಿದರು. ಅದು ಸರಿಯೇ. ಮತ್ತೆ ಅಂಥ ಕೂಟಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ, ಅದೂ ಸರಿಯೇ. ಸುವರ್ಣಾಳನ್ನು ಮಾತ್ರ ಬಿಡಲಿಲ್ಲ. ಈಗ ಅವಳು ಯಂತ್ರದ ಕೆಲಸ ಕಲಿಸುವವಳು. ಬಿಸಿಲಿದ್ದರೂ ಯಂತ್ರದ ಹತ್ತಿರ ಕೈ ಎತ್ತುವುದಿಲ್ಲವಂತೆ, ದೊಡ್ಡ ಟೊಪ್ಪಿಗೆ ಹಾಕಿಕೊಳ್ಳುತ್ತಾಳಂತೆ.

ಆದರೆ ಅವತ್ತಿನದು ಇನ್ನೂ ಸ್ವಲ್ಪ ಉಳಿದಿದೆ. ಪದಕ ಕೊಟ್ಟಾಯಿತು. ಜನ ಕರಗಿದರು. ನಾವು ನಿಶಾನೆ, ಹಗ್ಗ ಸುತ್ತುತ್ತಿದ್ದೆವು. ಇನ್ನೂ ಬೆಳಕಿತ್ತು. ದ್ವೀಪದವನು ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆದು ನನ್ನ ಹತ್ತಿರ ಬಂದ. ಬೈಯಲು ಬಂದನೆಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ಆ ಅಳಿಸಿಹೋದದ್ದು ಎಷ್ಟಿತ್ತು?" ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದ.

"ಗೊತ್ತಿಲ್ಲ," ಎಂದೆ. "ನನ್ನಿಂದ ತಪ್ಪಾಯಿತು. ಕ್ಷಮಿಸು." ನಾನೂ ಶಾಲೆಯ ಮಾಸ್ತರನೆಂದು ಯಾಕೋ ಅದನ್ನೂ ಹೇಳಿದೆ.

ಅವನು ನಕ್ಕ. "ಹಾಗಾದರೆ ನಾಳೆ ನಿನ್ನ ಶಾಲೆಯ ಮಕ್ಕಳೂ ನನ್ನ ಶಾಲೆಯ ಮಕ್ಕಳೂ ಇದನ್ನೇ ಕೇಳುತ್ತಾರೆ," ಎಂದ. ಆಮೇಲೆ, "ಎಲ್ಲಿ, ತೋರಿಸು," ಎಂದ.

ಕರೆದುಕೊಂಡು ಹೋದೆ. ಅವನು ಮೊಣಕಾಲೂರಿ ಕೂತು ಬೆರಳಿನಿಂದ ಹುಲ್ಲು ಸರಿಸಿ ನೋಡತೊಡಗಿದ. ನಾನೂ ಕೂತೆ. ಇಬ್ಬರೂ ಹುಡುಕಿದೆವು. ಅಲ್ಲಿ ಎಷ್ಟೋ ಗುರುತುಗಳಿದ್ದವು, ಎಲ್ಲವನ್ನೂ ನಾನು ಒಂದೇ ಹಾಗೆ ಮುಚ್ಚಿದ್ದೆ. ಕೊನೆಗೆ ಅವನು ಒಂದು ಜಾಗದಲ್ಲಿ ಬೆರಳಿಟ್ಟು, "ಇದೇನಾ?" ಎಂದ.

ಹೌದು ಎನ್ನಬಹುದಿತ್ತು. "ಇರಬಹುದು. ಗೊತ್ತಿಲ್ಲ," ಎಂದೆ.

ಅವನಿಗೆ ಅಷ್ಟು ಸಾಕಾಯಿತು. ನನ್ನ ಕೈ ಹಿಡಿದು, ನನ್ನ ಬೆರಳನ್ನು ಆ ಜಾಗದ ಮೇಲೆ ಇಟ್ಟು, ಎದ್ದು ನಿಂತ. ಅಲ್ಲಿಂದ ಎಸೆತದ ಗೆರೆಯ ಕಡೆ ಮುಖ ಮಾಡಿ, ಒಂದೊಂದೇ ಹೆಜ್ಜೆಯನ್ನು ಸಮನಾಗಿ ಇಡುತ್ತ, ತನ್ನ ಭಾಷೆಯಲ್ಲಿ ಗಟ್ಟಿಯಾಗಿ ಎಣಿಸುತ್ತ ನಡೆಯತೊಡಗಿದ. ಹಗ್ಗ ಸುತ್ತುತ್ತಿದ್ದವರೆಲ್ಲ ಕೆಲಸ ಬಿಟ್ಟು ನೋಡಿದರು. ದೇಸಾಯಿ ಸರ್ ಟೊಪ್ಪಿಗೆ ತೆಗೆದು ನಿಂತರು. ಎಣಿಕೆ ದೂರ ದೂರವಾಗುತ್ತ ನನಗೆ ಕೇಳಿಸದಂತಾಯಿತು. ಅವನು ಆ ಗೆರೆ ಮುಟ್ಟಿ ನಿಲ್ಲುವವರೆಗೂ ನಾನು ಹುಲ್ಲಿನ ಮೇಲಿಟ್ಟ ಬೆರಳನ್ನು ತೆಗೆಯಲಿಲ್ಲ.